ಕಿವಿ ಸರಿಯಾಗಿ ಕೇಳಿಸದ ರೋಗಿಗಳೊಂದಿಗೆ ನರ್ಸ್‌ಗಳು ಹೇಗೆ ಮಾತನಾಡಬೇಕು? ಗಟ್ಟಿಯಾಗಿ ಹೇಳಿದರೆ ಸಾಲದೇ?

ಸಾಲದು. ರೋಗಿಯ ಎದುರಿಗೇ, ತಮ್ಮ ಮುಖದ ಮೇಲೆ ಬೆಳಕು ಬೀಳುವಂತೆ ಕುಳಿತು, ಸಹಜ ದನಿಯಲ್ಲಿ ತುಸು ನಿಧಾನವಾಗಿ ಮಾತನಾಡಬೇಕು. ಔಷಧದ ಹೆಸರು, ಪ್ರಮಾಣ ಮತ್ತು ಹೊತ್ತನ್ನು ಬರೆದೇ ತೋರಿಸಬೇಕು.

ವಯಸ್ಸಾದಂತೆ ಬರುವ ಕಿವುಡುತನದಲ್ಲಿ ಸಾಮಾನ್ಯವಾಗಿ ಮೊದಲು ಕುಂದುವುದು ಕೀಚಲು ಸದ್ದುಗಳನ್ನು, ಅಂದರೆ ಎತ್ತರದ ಸ್ಥಾಯಿಯ ಸದ್ದುಗಳನ್ನು, ಗ್ರಹಿಸುವ ಶಕ್ತಿ. ಸ, ಶ, ತ ಮುಂತಾದ ವ್ಯಂಜನಗಳನ್ನು ಗುರುತಿಸಲು ಬೇಕಾದದ್ದು ಅದೇ. ಕೂಗಿದಾಗ ಹೆಚ್ಚಾಗಿ ಜೋರಾಗುವುದು ಸ್ವರಗಳಾದ್ದರಿಂದ ರೋಗಿಗೆ ಸದ್ದು ಕೇಳಿಸುತ್ತದೆಯೇ ಹೊರತು ಮಾತು ತಿಳಿಯುವುದಿಲ್ಲ. ಸಾಲದ್ದಕ್ಕೆ ತುಟಿಗಳ ಆಕಾರವೂ ಕೆಡುತ್ತದೆ.

ತುಟಿಯ ಚಲನೆಯನ್ನೂ ಪೂರ್ತಿ ನೆಚ್ಚುವಂತಿಲ್ಲ. ಪ, ಬ, ಮ ಮೂರಕ್ಕೂ ತುಟಿ ಒಂದೇ ರೀತಿ ಮುಚ್ಚುವುದರಿಂದ ‘ಮಾತ್ರೆ’ ಮತ್ತು ‘ಪಾತ್ರೆ’ ಕಣ್ಣಿಗೆ ಒಂದೇ (ಮಾಸ್ಕ್ ಇದ್ದರೆ ಅಷ್ಟೂ ಕಾಣದು). ಆದ್ದರಿಂದ ತಿಳಿಯದ ವಾಕ್ಯವನ್ನೇ ಮತ್ತೆ ಮತ್ತೆ ಹೇಳುವ ಬದಲು ಗುಳಿಗೆಯನ್ನು ಕೈಯಲ್ಲಿ ಹಿಡಿದು ತೋರಿಸುತ್ತ, ಬೇರೆ ಪದಗಳಲ್ಲಿ ಹೇಳುವುದು ಮೇಲು.

“ಅರ್ಥವಾಯಿತೇ?” ಎಂದು ಕೇಳಿದರೆ ಸಂಕೋಚದಿಂದ ತಲೆಯಾಡಿಸಿಬಿಡುತ್ತಾರೆ. “ಅಜ್ಜಿ, ರಾತ್ರಿ ಯಾವುದನ್ನು ನುಂಗುತ್ತೀರಿ, ತೋರಿಸಿ” ಎಂದರೆ ತಪ್ಪು ತಿಳಿವಳಿಕೆ ಅಲ್ಲೇ ಬಯಲಾಗುತ್ತದೆ.

ಬಾಲ್ಯದಿಂದಲೇ ಭಾರತೀಯ ಸಂಜ್ಞಾ ಭಾಷೆ ಬಳಸುವವರ ವಿಷಯ ಬೇರೆ. ಆ ಭಾಷೆಗೆ ತನ್ನದೇ ವ್ಯಾಕರಣವಿರುವುದರಿಂದ ಅವರಿಗೆ ಕನ್ನಡದ ಬರಹವೂ ಸಾಲದಿರಬಹುದು. ಶಸ್ತ್ರಚಿಕಿತ್ಸೆಗೆ ಒಪ್ಪಿಗೆ ಪಡೆಯುವಂಥ ಸಂದರ್ಭದಲ್ಲಿ ಮನೆಯವರನ್ನು ನೆಚ್ಚದೆ ಸಂಜ್ಞಾ ಭಾಷೆಯ ದುಭಾಷಿಯನ್ನೇ ಕರೆಸಬೇಕು.