ವಿಮಾನದಲ್ಲಿ ಸೀಟಿಗೂ ಬೇರೆ ದುಡ್ಡು ಕಟ್ಟಲೇಬೇಕಾ?

ಪ್ರಶ್ನೆ: ಮುಂದಿನ ತಿಂಗಳು ಅಪ್ಪ, ಅಮ್ಮನನ್ನು ಕಾಶಿಗೆ ಕರೆದುಕೊಂಡು ಹೋಗುತ್ತಿದ್ದೇವೆ. ನಾನು, ನಮ್ಮ ಯಜಮಾನರು, ಏಳು ವರ್ಷದ ಮಗಳು ಸೇರಿ ಐದು ಜನ. ಬೆಂಗಳೂರಿನಿಂದ ಟಿಕೆಟ್ ಆಗಿದೆ. ಆ್ಯಪ್‌ನಲ್ಲಿ ಸೀಟು ನೋಡಿದರೆ ಎಲ್ಲದಕ್ಕೂ ಬೇರೆ ದುಡ್ಡು ತೋರಿಸುತ್ತಿದೆ. ಕಟ್ಟದಿದ್ದರೆ ಮಗಳನ್ನು ಬೇರೆ ಎಲ್ಲೋ ಕೂರಿಸುತ್ತಾರಾ? ಅಮ್ಮನಿಗೆ ಮಂಡಿ ನೋವು ಬೇರೆ.
– ಓದುಗರು, ದಾವಣಗೆರೆ

ಉತ್ತರ: ಮಗಳ ಚಿಂತೆ ಬಿಡಿ. 12 ವರ್ಷದವರೆಗಿನ ಮಕ್ಕಳಿಗೆ ಅದೇ ಪಿಎನ್ಆರ್‌ನಲ್ಲಿರುವ (ಅಂದರೆ ಒಂದೇ ಬುಕಿಂಗ್ ಸಂಖ್ಯೆಯ) ಅಪ್ಪ, ಅಮ್ಮ ಅಥವಾ ಪೋಷಕರಲ್ಲಿ ಒಬ್ಬರ ಜೊತೆಗಾದರೂ ಸೀಟು ಕೊಡಬೇಕು ಅಂತ ವಿಮಾನಯಾನದ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆ ಡಿಜಿಸಿಎ 2024ರ ಏಪ್ರಿಲ್‌ನಲ್ಲಿ ವಿಮಾನ ಕಂಪನಿಗಳಿಗೆ ಹೇಳಿದೆ. ಒಬ್ಬರು ಅಷ್ಟೇ, ಐದೂ ಜನ ಸಾಲಾಗಿ ಅಲ್ಲ. ಟಿಕೆಟ್ ಎರಡು ಸಲ ಮಾಡಿಸಿದ್ದರೆ ಮಗಳ ಹೆಸರು ನಿಮ್ಮ ಪಿಎನ್ಆರ್‌ನಲ್ಲೇ ಇದೆಯಾ ಅಂತ ಈಗಲೇ ನೋಡಿಕೊಳ್ಳಿ.

ಸೀಟು ಆರಿಸುವುದು ಕಡ್ಡಾಯವಲ್ಲ. ಆರಿಸದವರಿಗೆ ಕಂಪನಿಯೇ ಒಂದು ಸೀಟು ಕೊಡುತ್ತದೆ. ಸೀಟಿನ ಪುಟದ ಯಾವುದೋ ಮೂಲೆಯಲ್ಲಿ ಸಣ್ಣಕ್ಷರದಲ್ಲಿ 'ಸ್ಕಿಪ್' ಅಂತ ಇರುತ್ತದೆ, ಹುಡುಕಿ. ಕಣ್ಣಿಗೆ ಬೀಳದಿರಲಿ ಅಂತಲೇ ಹಾಗೆ ಇಟ್ಟಿರುತ್ತಾರೇನೋ ಅನ್ನೋದು ನನ್ನ ಗುಮಾನಿ. ಸಿಗಲಿಲ್ಲವಾ? ನಿಲ್ದಾಣದ ಕೌಂಟರ್‌ಗೆ ಸ್ವಲ್ಪ ಬೇಗ ಹೋಗಿ. ಅಲ್ಲಿ ಬೋರ್ಡಿಂಗ್ ಪಾಸ್ ಕೊಡಲು 200 ರೂಪಾಯಿ ಕೇಳುವ ಕಾಲವೂ ಇತ್ತು. ಹಾಗೆ ಕೇಳಬಾರದು ಅಂತ ವಿಮಾನಯಾನ ಸಚಿವಾಲಯ 2022ರ ಜುಲೈನಲ್ಲಿ ಹೇಳಿತು.

ದುಡ್ಡು ಹಾಕುವುದೇ ಆದರೆ ಅಪ್ಪ, ಅಮ್ಮನ ಸೀಟಿಗೆ ಹಾಕಿ. ನಡುವೆ ಓಡಾಡುವ ದಾರಿ, ಆಚೆ ಮೂರು, ಈಚೆ ಮೂರು ಸೀಟು ಇರುವ ವಿಮಾನವಾದರೆ 'ಎ', 'ಎಫ್' ಕಿಟಕಿ ಪಕ್ಕ. 'ಸಿ', 'ಡಿ' ದಾರಿ ಪಕ್ಕ. ಒಂದೇ ಸಾಲಿನ 'ಸಿ' ಅಮ್ಮನಿಗೆ, 'ಡಿ' ಅಪ್ಪನಿಗೆ ತೆಗೆದುಕೊಳ್ಳಿ. ಟಾಯ್ಲೆಟ್‌ಗೆ ಏಳುವಾಗ ಯಾರ ಮಂಡಿಯನ್ನೂ ದಾಟಬೇಕಿಲ್ಲ, ಆಗಾಗ ಕಾಲು ಚಾಚಬಹುದು. ಊಟದ ಗಾಡಿ ಬರುವಾಗ ಮಾತ್ರ ಕಾಲು ಒಳಗೆಳೆದುಕೊಳ್ಳಲು ಹೇಳಿ.

ಜಾಗ ಜಾಸ್ತಿ ಅಂತ ತುರ್ತು ಬಾಗಿಲ ಸಾಲಿನ ಸೀಟು ಕೊಂಡುಬಿಡಬೇಡಿ. ರೇಟೂ ಜಾಸ್ತಿ. ಅಪಾಯ ಬಂದಾಗ ಬಾಗಿಲು ತೆಗೆಯಬಲ್ಲವರನ್ನಷ್ಟೇ ಅಲ್ಲಿ ಕೂರಿಸುವುದು. ಮಂಡಿ ನೋವಿನವರನ್ನು ಎಬ್ಬಿಸಿ ಬೇರೆ ಕಡೆ ಕಳಿಸುತ್ತಾರೆ. ಅದರ ಮುಂದಿನ ಸಾಲೂ ಬೇಡ, ಅಲ್ಲಿನ ಸೀಟು ಸಾಮಾನ್ಯವಾಗಿ ಹಿಂದಕ್ಕೆ ಬಾಗುವುದಿಲ್ಲ.

ಅಂದಹಾಗೆ, ಸೀಟಿಗಿಂತ ನಿಲ್ದಾಣದೊಳಗಿನ ನಡಿಗೆಯೇ ಅಮ್ಮನನ್ನು ಹೆಚ್ಚು ಸುಸ್ತು ಮಾಡೀತು. ವೀಲ್‌ಚೇರ್ ಬೇಕು ಅಂತ ಕನಿಷ್ಠ 48 ಗಂಟೆ ಮೊದಲೇ ಕಂಪನಿಗೆ ತಿಳಿಸಿ. ವಾಪಸ್ ಬರುವ ಟಿಕೆಟ್‌ಗೂ ಬೇರೆಯಾಗಿ ಹೇಳಬೇಕು.