ಗದ್ದೆಯಲ್ಲಿ ಮೀನೆಲ್ಲಿ ಎಂದು ಕೇಳಿದ ಗೆಳೆಯರಿಗೆ

ಕಳೆದ ವಾರ ಬಸವನಗುಡಿಯಲ್ಲಿ ಕಾಫಿ ಕುಡಿಯುತ್ತಾ ನೀವು ಎರಡು ಪ್ರಶ್ನೆ ಕೇಳಿದಿರಿ. ಕೇರಳದವನಾದ ನನಗೆ ಇಷ್ಟು ಒಳ್ಳೆಯ ಕನ್ನಡ ಹೇಗೆ ಬಂತು ಎಂಬುದು ಒಂದು, ಹುಳ ಕೊಲ್ಲಲೆಂದು ಭತ್ತದ ಗದ್ದೆಗೆ ಬಿಟ್ಟ ಮದ್ದಿಗೂ ಮೀನಿಗೂ ಏನು ಸಂಬಂಧ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ಚಿಕ್ಕದು. ಮಂಜೇಶ್ವರದ ಕಡೆಯ ನಮ್ಮ ಮನೆಯಲ್ಲಿ ಅಜ್ಜ ಕಲಿತದ್ದು ಕನ್ನಡ ಶಾಲೆಯಲ್ಲಿ, ಅಪ್ಪನೂ ನಾನೂ ಕಲಿತದ್ದು ಅಲ್ಲಿಯೇ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದಾಗ ಸರ್ಕಾರ ಬದಲಾಯಿತೇ ಹೊರತು ಮನೆಯ ಮಾತು ಬದಲಾಗಲಿಲ್ಲ.

ಎರಡನೆಯದಕ್ಕೆ ಉತ್ತರ ಉದ್ದವಿದೆ. ಮೊದಲ ಮಳೆಗೆ ತೋಡು, ಅಂದರೆ ಹಳ್ಳ, ತುಂಬಿದೊಡನೆ ಮುಗುಡು ಮೀನುಗಳು ನೀರಿಗೆ ಎದುರಾಗಿ ಬೈಲಿನ ಗದ್ದೆಗೆ ಏರಿ ಬರುತ್ತವೆ, ಅಲ್ಲಿ ಮೊಟ್ಟೆ ಇಡುತ್ತವೆ. ಮೇಲಿನ ಗದ್ದೆಯ ಹುಣಿಯಲ್ಲಿ, ಅಂದರೆ ಬದುವಿನಲ್ಲಿ, ಇರುವ ಕಂಡಿಯಿಂದ ಕೆಳಗಿನ ಗದ್ದೆಗೆ, ಅಲ್ಲಿಂದ ತೋಡಿಗೆ ಹರಿಯುವ ನೀರು ಒಂದೇ ಆಗಿರುವುದರಿಂದ ಒಬ್ಬರ ಗದ್ದೆಯ ಮದ್ದು ಎಲ್ಲರ ಮದ್ದು. ಆ ನೀರನ್ನು ಲೋಟದಲ್ಲಿ ಎತ್ತಿ ಬೆಳಕಿಗೆ ಹಿಡಿದರೆ ಸಾಸಿವೆಗಿಂತ ಸಣ್ಣ ಬಿಳಿ ಚುಕ್ಕಿಗಳು ಕುಪ್ಪಳಿಸುವುದು ಕಾಣುತ್ತದೆ. ಮೀನಿನ ಮರಿಗೆ ಅವೇ ಊಟ.

ನಾನು ವರ್ಷವರ್ಷವೂ ಗುದ್ದಾಡುವ ಗೋಜಲು ಆರಂಭವಾಗುವುದು ಇಲ್ಲಿಯೇ. ಕೀಟನಾಶಕದ ಡಬ್ಬಿಯ ಮೇಲೆ ಕೆಂಪು, ಹಳದಿ, ನೀಲಿ ಅಥವಾ ಹಸಿರು ತ್ರಿಕೋನವಿರುತ್ತದೆ. ಹಸಿರೆಂದರೆ ಅಪಾಯವಿಲ್ಲ ಎಂದು ನಮ್ಮ ಬೈಲಿನವರೆಲ್ಲ ನಂಬಿದ್ದಾರೆ, ಅಪ್ಪನೂ ನಂಬಿದ್ದರು. ಆ ಬಣ್ಣವನ್ನು ನಿರ್ಧರಿಸುವುದು ಇಲಿಯಂತಹ ಸಸ್ತನಿಗಳ ಮೇಲಿನ ಪರೀಕ್ಷೆ. ದೇಹದ ಕಿಲೋ ತೂಕಕ್ಕೆ 5000 ಮಿಲಿಗ್ರಾಂಗಿಂತ ಹೆಚ್ಚು ತಿನ್ನಿಸಿದರೆ ಮಾತ್ರ ಅರ್ಧದಷ್ಟು ಪ್ರಾಣಿಗಳು ಸಾಯುವಂತಿದ್ದರೆ ಹಸಿರು. ಮೀನು, ಏಡಿ, ಗೊದಮೊಟ್ಟೆಗಳ ಲೆಕ್ಕ ಅದರಲ್ಲಿ ಇಲ್ಲವೇ ಇಲ್ಲ. ಕಾಂಡ ಕೊರಕ ಹುಳಕ್ಕೆ ಬಳಸುವ ಕ್ಲೋರಾಂಟ್ರಾನಿಲಿಪ್ರೋಲ್ ಹಸಿರು ಗುರುತಿನದು, ಮನುಷ್ಯನಿಗೆ ನಿಜವಾಗಿಯೂ ಸೌಮ್ಯ. ಆದರೆ ಒಂದು ಲೀಟರ್ ನೀರಿನಲ್ಲಿ ಅದು ಸುಮಾರು 12 ಮೈಕ್ರೋಗ್ರಾಂ ಇದ್ದರೆ ಸಾಕು, ನಾನು ಹೇಳಿದ ಆ ಚುಕ್ಕಿಗಳ ಬಳಗದ ಡ್ಯಾಫ್ನಿಯಾ ಎಂಬ ನೀರಿನ ಕಿರುಜೀವಿಗಳಲ್ಲಿ ಅರ್ಧದಷ್ಟು 48 ಗಂಟೆಗಳಲ್ಲಿ ಚಲನೆ ಕಳೆದುಕೊಳ್ಳುತ್ತವೆ. ಸೈಪರ್‌ಮೆಥ್ರಿನ್‌ನಂತಹ ಪೈರೆಥ್ರಾಯ್ಡ್ ಗುಂಪಿನ ಕೀಟನಾಶಕಗಳಂತೂ ಕೆಲವೇ ಮೈಕ್ರೋಗ್ರಾಂಗಳಲ್ಲಿ ಮೀನನ್ನೇ ಕೊಲ್ಲುತ್ತವೆ, ಏಕೆಂದರೆ ಕಿವಿರಿನ ಮೂಲಕ ಒಳಹೊಕ್ಕ ಆ ವಿಷವನ್ನು ನಮ್ಮ ದೇಹದಷ್ಟು ಬೇಗ ಒಡೆಯುವ ಶಕ್ತಿ ಮೀನಿಗಿಲ್ಲ.

ಇದನ್ನು ಡಬ್ಬಿಯೊಳಗಿನ ಚೀಟಿ ಹೇಳುತ್ತದೆ, ಕೆರೆ ತೋಡುಗಳ ಬಳಿ ಬಳಸಬೇಡಿ ಎನ್ನುತ್ತದೆ. ಅಪ್ಪನ ಕೈಗೆ ಬಂದ ಚೀಟಿಯಲ್ಲಿ ಅದು ಹಿಂದಿ, ಇಂಗ್ಲಿಷ್ ಮತ್ತು ಮಲಯಾಳಂನಲ್ಲಿತ್ತು. ಅಪ್ಪ ಮಲಯಾಳಂ ಮಾತನಾಡಬಲ್ಲರು, ಓದಲಾರರು. ಚೀಟಿಯ ಫೋಟೋ ತೆಗೆದು ಬೆಂಗಳೂರಿಗೆ ನನಗೆ ಕಳುಹಿಸುತ್ತಾರೆ, ನಾನು ಇಂಗ್ಲಿಷ್ ಭಾಗವನ್ನು ಓದಿ ಕನ್ನಡದಲ್ಲಿ ಹೇಳುತ್ತೇನೆ. ಎಷ್ಟೋ ಸಲ ನಾನು ಕೆಲಸ ಮುಗಿಸಿ ಫೋನು ಮಾಡುವಷ್ಟರಲ್ಲಿ ಮದ್ದು ಬಿಟ್ಟು ಆಗಿರುತ್ತದೆ. ಚೀಟಿ ಆ ಪ್ರದೇಶದ ಒಂದೆರಡು ಭಾಷೆಗಳಲ್ಲಿ ಇರಬೇಕೆಂದು ನಿಯಮವೇ ಹೇಳುತ್ತದೆ, ಕನ್ನಡ ನಮ್ಮ ಪ್ರದೇಶದ ಭಾಷೆ. ಮಗ ಬೆಂಗಳೂರಿನಲ್ಲಿ ಇಲ್ಲದ ಮನೆಗಳಲ್ಲಿ ಅದನ್ನು ಯಾರು ಓದಿ ಹೇಳಬೇಕು?

ಈ ಸಲ ಅಪ್ಪ ಮದ್ದು ಬಿಡುವ ಮೊದಲು ಕಂಡಿಯನ್ನು ಕೆಸರಿನಿಂದ ಮುಚ್ಚಿದರು. ಮೂರನೆಯ ದಿನ ಮಳೆ ಜೋರಾಗಿ ಕೆಸರು ಕೊಚ್ಚಿಹೋಯಿತು. ಕನ್ನಡ ಚೀಟಿಗಾಗಿ ನಾನು ಬರೆದ ಅರ್ಜಿಗೆ ಇನ್ನೂ ಉತ್ತರ ಬಂದಿಲ್ಲ, ಎರಡನೆಯದನ್ನು ಬರೆಯುತ್ತಿದ್ದೇನೆ.