ಅಳು ನಿಂತಿಲ್ಲ ಅಂದರೆ ನಂಬಿಕೆ ಕಡಿಮೆ ಅಂತಾನಾ?

ತಂದೆ ತೀರಿಹೋಗಿ ಎಂಟು ತಿಂಗಳಾಯಿತು, ದಿನಾ ಪ್ರಾರ್ಥನೆ ಮಾಡಿದರೂ ಅಳು ನಿಂತಿಲ್ಲ, ನನ್ನ ನಂಬಿಕೆಯಲ್ಲೇ ಕೊರತೆ ಇದೆಯಾ ಅಂತ ಕೇಳಿದ್ದೀರಿ. ಓದಿ ಸ್ವಲ್ಪ ಹೊತ್ತು ಫೋನ್ ಪಕ್ಕಕ್ಕಿಟ್ಟು ಕೂತೆ. ಎರಡು ವರ್ಷ ನಾನೂ ಇದನ್ನೇ ಕೇಳಿಕೊಂಡಿದ್ದೇನೆ.

ನನ್ನ ಗಂಡ ಹನ್ನೊಂದು ತಿಂಗಳು ಹಾಸಿಗೆ ಹಿಡಿದಿದ್ದು ತೀರಿಹೋದರು. ಆಗ ಮಗಳಿಗೆ 9 ವರ್ಷ. ಗುಣವಾಗಲಿ ಅಂತ ನಮ್ಮ ಚರ್ಚಿನ ಇಡೀ ಸಭೆ ಪ್ರಾರ್ಥಿಸಿತ್ತು. ನಾನು ಉಪವಾಸ ಮಾಡಿದ್ದೆ. ಗುಣ ಆಗಲಿಲ್ಲ. ಸಮಾಧಿಯ ಹತ್ತಿರ ಯಾರೋ ಭುಜದ ಮೇಲೆ ಕೈಯಿಟ್ಟು, "ಅಳಬೇಡಮ್ಮ, ನಾವು ನಿರೀಕ್ಷೆ ಇಲ್ಲದವರಲ್ಲ" ಅಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದರು. ನಾನು ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡೆ. ತಪ್ಪು ಶುರುವಾಗಿದ್ದು ಅಲ್ಲೇ.

ಈ ತಪ್ಪನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನೀವೂ ಅದರ ಬಾಗಿಲಲ್ಲೇ ನಿಂತಿದ್ದೀರಿ ಅನ್ನಿಸುತ್ತಿದೆ. ಆ ಮಾತು ಬರುವುದು ಬೈಬಲ್ಲಿನಲ್ಲಿ, ಯೇಸುವಿನ ಅಪೊಸ್ತಲ ಪೌಲನು ಥೆಸಲೋನಿಕದ ಸಭೆಯವರಿಗೆ ಬರೆದ ಮೊದಲ ಪತ್ರದಲ್ಲಿ, 4ನೇ ಅಧ್ಯಾಯದ 13ನೇ ವಚನ. ಸತ್ತವರು ಮತ್ತೆ ಏಳುತ್ತಾರೆ ಅನ್ನುವ ನಿರೀಕ್ಷೆ ಇಲ್ಲದವರು ದುಃಖಪಡುವ ಹಾಗೆ ನೀವು ದುಃಖಪಡಬಾರದು ಅನ್ನುವುದು ಅದರ ಅರ್ಥ. ನಾನು ಓದಿಕೊಂಡದ್ದು "ದುಃಖಪಡಬಾರದು" ಅಂತ ಮಾತ್ರ. ನಡುವೆ ಇದ್ದ "ಹಾಗೆ" ಅನ್ನುವುದು ನನ್ನ ಕಣ್ಣಿಗೆ ಬೀಳಲೇ ಇಲ್ಲ. ಪೌಲ ದುಃಖವನ್ನು ಬೇಡ ಅನ್ನಲಿಲ್ಲ. ದುಃಖ ಎರಡು ಥರ ಇದೆ, ನಿಮ್ಮದು ಬೇರೆ ಥರದ್ದು ಅಂದ, ಅಷ್ಟೇ. ಆ ಒಂದು ಸಣ್ಣ ಮಾತು ಬಿಟ್ಟು ಓದಿದ್ದಕ್ಕೆ ನನ್ನ ಎರಡು ವರ್ಷ ಹೋಯಿತು.

ಸಮಾಧಾನ ಅನ್ನುವ ಪದದಲ್ಲೂ ಹಾಗೇ ಎಡವಿದೆ. ಅಳುವವರಿಗೆ ನಾವು "ಸಮಾಧಾನ ಮಾಡ್ಕೋ" ಅಂತೀವಲ್ವಾ, ಅಂದರೆ ಕಣ್ಣು ಒರೆಸಿಕೋ ಅಂತ. ಸತ್ಯವೇದದಲ್ಲಿ, ಅಂದರೆ ಬೈಬಲ್ಲಿನಲ್ಲಿ, ದೇವರ ಸಮಾಧಾನ ಅಂತ ಬಂದಾಗಲೂ ನಾನು ಅದೇ ಅರ್ಥ ಹಚ್ಚಿದೆ. ಕಣ್ಣು ಒಣಗಿದ್ದರೆ ಸಮಾಧಾನ ಇದೆ, ಒದ್ದೆಯಾಗಿದ್ದರೆ ಇಲ್ಲ.

ಹಾಗಾಗಿ ಅಳು ನಿಲ್ಲಿಸಿದೆ. ಯಾರು ವಿಚಾರಿಸಿದರೂ "ದೇವರ ಚಿತ್ತ, ಚೆನ್ನಾಗಿದ್ದೀನಿ" ಅನ್ನುತ್ತಿದ್ದೆ. ಮೂರನೇ ತಿಂಗಳಿಗೇ ಸಭೆಯಲ್ಲಿ ಎದ್ದು ನಿಂತು, ದೇವರು ನನ್ನನ್ನು ನಡೆಸಿದ್ದಾನೆ ಅಂತ ಸಾಕ್ಷಿ ಹೇಳಿದೆ. ಎಷ್ಟು ಧೈರ್ಯ ಅಂತ ಎಲ್ಲರೂ ಹೊಗಳಿದರು. ಪ್ರಾರ್ಥನೆಯಲ್ಲೂ ಬರೀ ಸ್ತೋತ್ರ. ಒಳಗೆ ಏನು ಕುದಿಯುತ್ತಿತ್ತೋ ಅದನ್ನು ದೇವರಿಗೆ ಒಂದು ದಿನವೂ ಹೇಳಲಿಲ್ಲ. ಕೊನೆಕೊನೆಗೆ ಪ್ರಾರ್ಥನೆಗೆ ಕೂತರೆ ಗೋಡೆಯ ಮುಂದೆ ಕೂತ ಹಾಗಾಗುತ್ತಿತ್ತು.

ಇದರ ಬೆಲೆ ಕೊಟ್ಟವಳು ನನ್ನ ಮಗಳು. ಒಂದು ದಿನ ಅವಳ ಟೀಚರ್ ಫೋನ್ ಮಾಡಿದರು. ಅಪ್ಪ ಬೇರೆ ಊರಲ್ಲಿ ಕೆಲಸಕ್ಕಿದ್ದಾರೆ ಅಂತ ಕ್ಲಾಸಿನಲ್ಲಿ ಹೇಳಿಕೊಂಡಿದ್ದಾಳಂತೆ. ಮನೆಗೆ ಬಂದ ಮೇಲೆ ಯಾಕೆ ಹಾಗೆ ಹೇಳಿದೆ ಅಂತ ಕೇಳಿದೆ. "ತೀರ್ಕೊಂಡ್ರು ಅಂತ ಹೇಳಿದ್ರೆ ನಂಗೆ ಅಳು ಬರುತ್ತೆ. ಅತ್ತರೆ ನಿಂಗೆ ಇಷ್ಟ ಆಗಲ್ಲ ಅಲ್ವಾಮ್ಮ" ಅಂದಳು. ನಾನೇ ಅವಳಿಗೆ ನೂರು ಸಲ ಹೇಳಿದ್ದೆ: ಅಪ್ಪ ದೇವರ ಹತ್ತಿರ ಸಂತೋಷವಾಗಿದ್ದಾರೆ, ನಾವು ಅಳಬಾರದು ಅಂತ.

ಸಭೆಯಲ್ಲಿ ಒಬ್ಬ ವಯಸ್ಸಾದ ತಾಯಿ ಇದ್ದರು, ಅವರೂ ಗಂಡನನ್ನು ಕಳೆದುಕೊಂಡವರು. ಅವತ್ತು ಸಂಜೆ ಅವರ ಮುಂದೆ ಎಲ್ಲ ಹೇಳಿದೆ. ಅವರು ಬುದ್ಧಿ ಹೇಳಲಿಲ್ಲ. ಬೈಬಲ್ಲಿನ ಕೀರ್ತನೆಗಳಲ್ಲಿ 88ನೆಯದನ್ನು ತೆಗೆದು ಜೋರಾಗಿ ಓದು ಅಂದರು. ನೀವು ಓದಿಲ್ಲದಿದ್ದರೆ ಇವತ್ತೇ ಓದಿ. 18 ವಚನ. ಬೇರೆ ದುಃಖದ ಕೀರ್ತನೆಗಳಲ್ಲಿ ಕೊನೆಗಾದರೂ "ಆದರೂ ನಿನ್ನನ್ನು ನಂಬಿದ್ದೇನೆ" ಅಂತ ಸಾಮಾನ್ಯವಾಗಿ ಬರುತ್ತದೆ. ಇದರಲ್ಲಿ ಅದೂ ಇಲ್ಲ, ಕತ್ತಲಲ್ಲೇ ಮುಗಿಯುತ್ತದೆ. ಆದರೆ ಮೊದಲನೇ ವಚನದಲ್ಲೇ ಅದನ್ನು ಬರೆದವನು ದೇವರನ್ನು "ನನ್ನ ರಕ್ಷಕ" ಅಂತ ಕರೆದಿದ್ದಾನೆ. ಕತ್ತಲ ಬಗ್ಗೆ ದೂರುವುದೂ ಆ ದೇವರ ಹತ್ತಿರವೇ. ಓದುತ್ತಾ ಓದುತ್ತಾ ನನ್ನ ಗಂಟಲು ಕಟ್ಟಿತು. ಎರಡು ವರ್ಷದ ಅಳು ಅವತ್ತು ಬಂತು. ಆ ತಾಯಿ ಸುಮ್ನೆ ಪಕ್ಕದಲ್ಲಿ ಕೂತಿದ್ದರು. ಬೈಬಲ್ಲಿನಲ್ಲಿ ಮಕ್ಕಳನ್ನೂ ಆಸ್ತಿಯನ್ನೂ ಕಳೆದುಕೊಂಡ ಯೋಬನ ಗೆಳೆಯರೂ ಮೊದಲು ಏಳು ಹಗಲು ಏಳು ರಾತ್ರಿ ಮಾತಿಲ್ಲದೆ ಅವನ ಜೊತೆ ಕೂತಿದ್ದರು. ಅವರು ತಪ್ಪಿದ್ದು ಬಾಯಿ ತೆರೆದ ಮೇಲೆ.

ಆದ್ದರಿಂದ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ನಂಬಿಕೆಯನ್ನು ಕಣ್ಣೀರಿನಿಂದ ಅಳೆಯಬೇಡಿ. ತೀರಿಹೋದ ಗೆಳೆಯ ಲಾಜರನ ಸಮಾಧಿಗೆ ಹೋದ ಯೇಸುವನ್ನು ನೋಡಿ. ಲಾಜರನನ್ನು ಎಬ್ಬಿಸಲು ಹೋಗುತ್ತೇನೆ ಅಂತ ಶಿಷ್ಯರಿಗೆ ಮೊದಲೇ ಹೇಳಿದ್ದ. ಇನ್ನು ಸ್ವಲ್ಪ ಹೊತ್ತಿಗೆ ಅವನು ಜೀವದಿಂದ ಹೊರಗೆ ಬರುತ್ತಾನೆ ಅಂತ ಗೊತ್ತಿತ್ತು. ಆದರೂ ಲಾಜರನ ಅಕ್ಕತಂಗಿಯರಲ್ಲಿ ಒಬ್ಬಳಾದ ಮರಿಯಳ ಕಣ್ಣೀರು ಕಂಡು ಅತ್ತ. ಅವನಿಗಿಂತ ಜಾಸ್ತಿ ನಿರೀಕ್ಷೆ ಯಾರಿಗಿತ್ತು ಹೇಳಿ? ಶಿಲುಬೆಗೆ ಹೋಗುವ ಹಿಂದಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ, ಪ್ರಾಣ ಹೋಗುವಷ್ಟು ದುಃಖವಾಗಿದೆ ಅಂತ ಬಾಯಿಬಿಟ್ಟು ಹೇಳಿದ, ನನ್ನ ಜೊತೆ ಎಚ್ಚರವಾಗಿರಿ ಅಂತ ಶಿಷ್ಯರನ್ನು ಕೇಳಿಕೊಂಡ.

ಹಾಗಾದರೆ ಸಮಾಧಾನ ಸಿಗುವುದೇ ಇಲ್ಲವಾ? ಸಿಗುತ್ತದೆ, ನನಗೆ ಸಿಕ್ಕಿದೆ. ಪೌಲ ಫಿಲಿಪ್ಪಿಯವರಿಗೆ ಬರೆದ ಪತ್ರದಲ್ಲಿ ಬುದ್ಧಿಗೆ ಮೀರಿದ ಸಮಾಧಾನದ ಮಾತು ಬರುತ್ತದೆ. ಅದು ನಿಮ್ಮ ಹೃದಯವನ್ನು ಕಾಯುತ್ತದೆ ಅನ್ನುತ್ತಾನೆ. ಮೂಲ ಗ್ರೀಕಿನಲ್ಲಿ ಅದು ಸೈನಿಕರು ಕಾವಲು ನಿಲ್ಲುವುದಕ್ಕೆ ಹೇಳುವ ಮಾತು. ಪೌಲ ಅದನ್ನು ಬರೆದಾಗ ಸೆರೆಯಲ್ಲಿದ್ದ. ಕಾವಲು ಇದ್ದ ಮಾತ್ರಕ್ಕೆ ಹೊರಗಿನ ಅಪಾಯ ಹೋಗಿರುವುದಿಲ್ಲ. ನನ್ನ ಅನುಭವವೂ ಹಾಗೇ. ದುಃಖ ಹೋಗಿಲ್ಲ. ಅದು ನನ್ನನ್ನು ಪೂರ್ತಿ ಎಳೆದುಕೊಂಡು ಹೋಗದ ಹಾಗೆ ಯಾರೋ ನಿಂತಿದ್ದಾರೆ ಅನ್ನುವುದು ಮಾತ್ರ ಗೊತ್ತಾಗುತ್ತದೆ. ಯೇಸು ಸತ್ತು ಎದ್ದ ಅನ್ನುವುದನ್ನು ನಾನು ನಿಜ ಅಂತಲೇ ನಂಬುತ್ತೇನೆ. ಅದು ನಿಜವಾದ್ದರಿಂದ ನನ್ನ ಗಂಡನ ಮುಖ ಮತ್ತೆ ನೋಡುತ್ತೇನೆ ಅಂತ ಕಾಯುತ್ತಿದ್ದೇನೆ. ಆ ಕಾಯುವುದಕ್ಕೇ ನಾನು ನಿರೀಕ್ಷೆ ಅನ್ನುವುದು.

ಇನ್ನೊಂದು ಮಾತು. ಸಮಾಧಾನಕ್ಕಾಗಿ ಉಪವಾಸ ಮಾಡಲಾ ಅಂತಲೂ ಕೇಳಿದ್ದೀರಿ. ಈಗ ಬೇಡ, ದಯವಿಟ್ಟು ಬೇಡ. ಸಾವೇ ಬರಲಿ ಅಂತ ಪ್ರವಾದಿ ಎಲೀಯ ಗಿಡದ ಕೆಳಗೆ ಮಲಗಿದಾಗ ದೇವದೂತ ಬಂದು ಮೊದಲು ಕೊಟ್ಟದ್ದು ರೊಟ್ಟಿ, ನೀರು. ಅವನು ತಿಂದು ಮತ್ತೆ ಮಲಗಿದ. ಎರಡನೇ ಸಲವೂ ಎಬ್ಬಿಸಿ ಊಟವನ್ನೇ ಕೊಟ್ಟ. ಊಟ ಸೇರುತ್ತಿಲ್ಲ, ನಿದ್ದೆ ಇಲ್ಲ, ಬದುಕೇ ಬೇಡ ಅನ್ನಿಸುತ್ತಿದೆ ಅಂದರೆ ಇವತ್ತೇ ಡಾಕ್ಟರ ಹತ್ತಿರ ಹೋಗಿ, ಮನೆಯವರಿಗೂ ಹೇಳಿ. ಅದು ನಂಬಿಕೆ ಕಡಿಮೆ ಅನ್ನುವುದಕ್ಕೆ ಗುರುತಲ್ಲ.

ಪ್ರಾರ್ಥನೆಗೆ ಮಾತು ಬರದಿದ್ದರೆ 13ನೇ ಕೀರ್ತನೆ ಹಿಡಿದುಕೊಳ್ಳಿ. ಆರೇ ವಚನ. ಮೊದಲ ಎರಡರಲ್ಲೇ ನಾಲ್ಕು ಸಲ "ಎಷ್ಟರವರೆಗೆ" ಅಂತ ಕೇಳುತ್ತಾನೆ. ಅಲ್ಲಿ ನಿಮ್ಮ ತಂದೆಯ ಹೆಸರು ಸೇರಿಸಿ ಜೋರಾಗಿ ಓದಿ. ನಾನೂ ಮಗಳೂ ರಾತ್ರಿ ಹಾಗೇ ಓದುತ್ತಿದ್ದೆವು, ಇಬ್ಬರೂ ಅಳುತ್ತಲೇ. ಕೊನೆಯ ಎರಡು ವಚನ ಭರವಸೆಯದ್ದು. ಅವು ಬಾಯಿಗೆ ಬರದಿದ್ದರೆ ನಾಲ್ಕಕ್ಕೇ ನಿಲ್ಲಿಸಿ. ನಾವು ಎಷ್ಟೋ ತಿಂಗಳು ನಾಲ್ಕಕ್ಕೇ ನಿಲ್ಲಿಸಿ ದೀಪ ಆರಿಸಿದ್ದೇವೆ. ಐದನೆಯದನ್ನು ಒಂದು ರಾತ್ರಿ ಮೊದಲು ಓದಿದವಳು ಅವಳೇ.